ಪೇಟೆಯ ಏರಿಳಿತಕ್ಕೆ ಭೌತಶಾಸ್ತ್ರದ ಅಳತೆ

ಮೋಯಾರಿನ ತಂದೆಯೊಬ್ಬ ಮಕ್ಕಳ ಓದಿಗೆಂದು ಕೂಡಿಟ್ಟ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸುವ ಮುನ್ನ ಅದರ ಅಪಾಯವನ್ನು ಹೇಗೆ ಅಳೆಯಬೇಕು? ಅಸಂಖ್ಯ ಅಣುಗಳ ಒಟ್ಟು ವರ್ತನೆಯನ್ನು ಲೆಕ್ಕಿಸುವ ಭೌತಶಾಸ್ತ್ರದ ವಿಧಾನವನ್ನೇ ಪೇಟೆಯ ಜನಸಮೂಹಕ್ಕೆ ಅನ್ವಯಿಸುವ ಶಾಸ್ತ್ರವೊಂದಿದೆ. 1995ರಲ್ಲಿ ಕೊಲ್ಕತ್ತದ ಸಮ್ಮೇಳನವೊಂದರಲ್ಲಿ ಅಮೆರಿಕದ ಯೂಜೀನ್ ಸ್ಟ್ಯಾನ್ಲಿ ಅದನ್ನು ‘ಇಕನಾಫಿಸಿಕ್ಸ್’ ಎಂದು ಕರೆದರು.

ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ರಾಜ್ ಕುಮಾರ್ ಪಾನ್, ಸೀತಾಭ್ರ ಸಿನ್ಹಾ ಇದೇ ಬಗೆಯಲ್ಲಿ ಭಾರತದ ಷೇರು ಸೂಚ್ಯಂಕಗಳನ್ನು ಪರಿಶೀಲಿಸಿದರು. ದೊಡ್ಡ ಏರಿಳಿತದ ಗಾತ್ರ ಇಮ್ಮಡಿಯಾದರೆ ಅದು ಸಂಭವಿಸುವ ಸಾಧ್ಯತೆ ಎಂಟನೆಯ ಒಂದು ಪಾಲಿಗಷ್ಟೇ ಇಳಿಯುತ್ತದೆಂದು ಕಂಡರು. ಪಠ್ಯಪುಸ್ತಕದ ಗಂಟೆಯಾಕಾರದ ರೇಖೆಯನ್ನು ನಂಬಿದರೆ ಮಹಾಕುಸಿತ ಯುಗಕ್ಕೊಮ್ಮೆಯೂ ಬಾರದು. 2008ರ ಅಕ್ಟೋಬರ್ 24ರಂದು ಸೆನ್ಸೆಕ್ಸ್ ಒಂದೇ ದಿನದಲ್ಲಿ ಶೇಕಡಾ ಸುಮಾರು 11ರಷ್ಟು ಬಿದ್ದಿತು.

ಬೀಳುವ ದಿನವನ್ನು ಮಾತ್ರ ಈ ಶಾಸ್ತ್ರ ಹೇಳದು. ಜೂನ್ ತಿಂಗಳಲ್ಲಿ ಶುಲ್ಕ ಕಟ್ಟುವ ತಂದೆಗೆ ಬೇಕಿರುವುದು ಅದೇ.