ಹಾಡು ನಿಂತರೆ ಮದನಿಕೆ!

ನಮ್ಮ ಅರಸೀಕೆರೆ ಕಡೆ ಸ್ಕೂಲ್ ಡೇ ಬಂತೆಂದರೆ ತಿಂಗಳಿಡೀ ಡ್ಯಾನ್ಸ್ ಪ್ರಾಕ್ಟೀಸು. ಚೆನ್ನಾಗಿ ಕುಣಿಯುವ ಎಂಟು ಜನ ಸ್ಟೇಜಿಗೆ, ಉಳಿದವರು ಕುರ್ಚಿ ಜೋಡಿಸೋಕೆ. ನಾನು ಏಳು ವರ್ಷ ಕುರ್ಚಿ ಜೋಡಿಸಿದವನು! ಈಗ ಬಿ.ಇ. ಓದುತ್ತಿದ್ದೇನೆ. ರಜೆಗೆ ಊರಿಗೆ ಬಂದಾಗ ಬೀದಿಯ ಮಕ್ಕಳನ್ನೆಲ್ಲ ಸೇರಿಸಿ, ಯಾರನ್ನೂ ಆರಿಸದೆ ಕುಣಿಸುತ್ತೇನೆ.

ಸೂಪರ್ ಹಿಟ್ ಆಗಿರುವುದು ‘ಸ್ಟ್ಯಾಚ್ಯೂ’. ಹಾಡು ನಿಂತ ತಕ್ಷಣ ಬೇಲೂರಿನ ಮದನಿಕೆಯಾಗಬೇಕು. ಕನ್ನಡಿ ಹಿಡಿದ ದರ್ಪಣ ಸುಂದರಿಯೋ, ಗಿಳಿಯೊಂದಿಗೆ ಮಾತಾಡುವ ಶುಕಭಾಷಿಣಿಯೋ, ಯಾರಾದರೂ ಸರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಆ ಭಂಗಿಯಲ್ಲಿ ನೀವೂ ಹತ್ತು ಸೆಕೆಂಡ್ ನಿಂತು ನೋಡಿ, ಮೀನಖಂಡ ನಡುಗುತ್ತದೆ. ಹಳೇಬೀಡಿಗೆ ಪ್ರವಾಸ ಹೋಗಿ ಬಂದ ಒಬ್ಬ ಪುಣ್ಯಾತ್ಮ ಅಲ್ಲಿಯ ನಂದಿಯಂತೆ ಕಾಲು ಮಡಿಸಿ ಕೂತ. ಅಲುಗಾಡಲೇ ಇಲ್ಲ, ಗೆದ್ದ! ಔಟಾದವರು ಸುಮ್ಮನೆ ಕೂರುವಂತಿಲ್ಲ. ತಟ್ಟೆ ಬಡಿದು ತಾಳ ಹಾಕಬೇಕು.

ನನಗಿಷ್ಟ ಮಾತ್ರ ಜಡೆ ಕೋಲಾಟ. ಮೇಲೆ ಕಟ್ಟಿದ ಬಣ್ಣದ ಹಗ್ಗಗಳನ್ನು ಹಿಡಿದು ಅರ್ಧ ಮಂದಿ ಬಲಕ್ಕೆ, ಅರ್ಧ ಎಡಕ್ಕೆ ಕುಣಿಯುತ್ತ ಜಡೆ ಹೆಣೆಯಬೇಕು, ಉಲ್ಟಾ ಕುಣಿದು ಬಿಚ್ಚಬೇಕು. ಒಬ್ಬರು ತಪ್ಪಿದರೂ ಗಂಟು. ಹಾಗಾಗಿ ನಿಧಾನಕ್ಕೆ ಕುಣಿಯುವವನಿಗೂ ಎಲ್ಲರೂ ಕಾಯಲೇಬೇಕು. ಮೊನ್ನೆ ಗಂಟು ಬಿಚ್ಚುವಷ್ಟರಲ್ಲಿ ಕರೆಂಟೇ ಹೋಯಿತು. ಒಬ್ಬರೂ ಹಗ್ಗ ಬಿಟ್ಟು ಮನೆಗೆ ಹೋಗಲಿಲ್ಲ.