ಚೌಕಾಬಾರದಿಂದ ರಾಕ್ಷಸರ ಗುಹೆಗೆ: ಆಟದ ಪುಸ್ತಕಕ್ಕೆ ಯಜಮಾನ ಯಾರು?

ಬಾಣಸವಾಡಿ: ಸಂಜೆ ಆರು ಗಂಟೆ. ಮುಖ್ಯರಸ್ತೆಯ ಜೆರಾಕ್ಸ್ ಅಂಗಡಿಗೆ ಕಾಲೇಜು ಹುಡುಗನೊಬ್ಬ ಬಂದು ಮೂವತ್ತೆರಡು ಪುಟದ ಕೈಬರಹ ಮುಂದಿಟ್ಟ ಅಂತಿಟ್ಟುಕೊಳ್ಳಿ. ಮೊದಲ ಪುಟದಲ್ಲಿ ಒಂದು ಹಾಳು ಕೋಟೆಯ ನಕ್ಷೆ. ಎರಡನೆಯದರಲ್ಲಿ ಒಂದು ಬ್ರಹ್ಮರಾಕ್ಷಸ, ಅದರ ಪಕ್ಕ ಅಂಕಿಗಳ ಪಟ್ಟಿ. ಮೂರನೆಯದರಲ್ಲಿ ಕೆರೆ ಏರಿ ಮೇಲೆ ರಾತ್ರಿ ಹೋದರೆ ಏನೇನು ಎದುರಾಗುತ್ತೆ ಅನ್ನೋ ಲೆಕ್ಕ.

“ಏನಪ್ಪಾ ಇದು, ಪರೀಕ್ಷೆಗಾ?” ಅಂತ ಅಂಗಡಿಯವರು ಕೇಳ್ತಾರೆ.

“ಅಲ್ಲ ಅಂಕಲ್, ಆಟಕ್ಕೆ.”

ಆಟಕ್ಕೆ ಮೂವತ್ತೆರಡು ಪುಟವೇ! ಅಂಗಡಿಯವರು ನಕ್ಕು ಎಂಟು ಹಾಳೆ ಎರಡೂ ಕಡೆ ಒತ್ತಿ, ಮಡಿಸಿ, ನಡುವೆ ಎರಡು ಪಿನ್ನು ಹೊಡೆದು ಕೊಡ್ತಾರೆ. ಹುಡುಗ ದುಡ್ಡು ಕೊಟ್ಟು ಹೋಗ್ತಾನೆ. ಆದರೆ ಇಂಥದೇ ಪಿನ್ನು ಹೊಡೆದ ಪುಸ್ತಿಕೆಗಳ ಸುತ್ತ ಅಮೆರಿಕದಲ್ಲಿ ಐವತ್ತು ವರ್ಷದಿಂದ ಕೋಟ್ಯಂತರ ರೂಪಾಯಿ ವ್ಯಾಪಾರ ನಡೆದಿದೆ, ಜಗಳ ನಡೆದಿದೆ, ಕಂಪನಿಗಳು ಕೈ ಬದಲಾಯಿಸಿವೆ ಎಂದರೆ ನಂಬುತ್ತೀರಾ? ನಂಬಲೇಬೇಕು.

ಏನಿದು ಆಟ?

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ನೆಲಮಾಳಿಗೆ ಮತ್ತು ಘಟಸರ್ಪ ಅಂತ ಬೇಕಾದರೆ ಅನ್ನಿ. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ. ಬಯಲಾಟದ ಭಾಗವತರಂತೆ ಇನ್ನೊಬ್ಬ ಕತೆ ನಡೆಸುತ್ತಾನೆ. “ಗುಹೆ ಬಾಗಿಲು ಮುಚ್ಚಿದೆ, ಏನ್ ಮಾಡ್ತೀರಿ?” ಅಂತಾನೆ. ಮಾಡಹೊರಟದ್ದು ಗೆದ್ದಿತೋ ಸೋತಿತೋ ಅನ್ನೋದನ್ನ ದಾಳ ಹೇಳುತ್ತದೆ. ನಮ್ಮ ಪಗಡೆ ದಾಳದಂತಲ್ಲ. ನಾಲ್ಕು, ಆರು, ಎಂಟು, ಹತ್ತು, ಹನ್ನೆರಡು, ಇಪ್ಪತ್ತು ಮುಖದ ದಾಳಗಳೂ ಉಂಟು.

ಮೂಲ ನಿಯಮದ ಪುಸ್ತಕ ಒಂದಿದ್ದರೆ ಆಟ ಶುರು. ಆದರೆ ಒಂದೇ ಗುಹೆಗೆ ಎಷ್ಟು ಸಲ ನುಗ್ಗುತ್ತೀರಿ? ಹೊಸ ಊರು ಬೇಕು, ಹೊಸ ಪಿಶಾಚಿ ಬೇಕು, ಹೊಸ ಮಂತ್ರ ಬೇಕು. ಅದಕ್ಕೇ ಪೂರಕ ಪುಸ್ತಕಗಳು. ಹೋಟೆಲಲ್ಲಿ ದೋಸೆ ಒಂದೇ, ಚಟ್ನಿ, ಪಲ್ಯ, ಸಾಗು ಬೇರೆ ಬೇರೆ ಇದ್ದ ಹಾಗೆ. ಗಿರಾಕಿ ಮತ್ತೆ ಬರುವುದು ಪಲ್ಯದ ರುಚಿಗೆ!

ಚಪ್ಪಲಿ ರಿಪೇರಿಯವನ ಮನೆಯಿಂದ

ಈ ವ್ಯಾಪಾರ ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಮನೆಯಲ್ಲೇ ಚಪ್ಪಲಿ, ಬೂಟು ರಿಪೇರಿ ಮಾಡುತ್ತಿದ್ದ. ಅವನೂ ಡೇವ್ ಆರ್ನೆಸನ್ ಎಂಬ ಗೆಳೆಯನೂ ಸೇರಿ ಬರೆದ ಈ ಆಟ 1974ರಲ್ಲಿ ಹೊರಬಂತು. ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಿಕೆ, ಬೆಲೆ ಹತ್ತು ಡಾಲರ್. ಹಾಕಿಸಿದ್ದು ಒಟ್ಟು 1000 ಪೆಟ್ಟಿಗೆ. ಪೆಟ್ಟಿಗೆ ತುಂಬಿ ಕಳಿಸಿದ್ದು ಮನೆಯವರು, ಗೆಳೆಯರು. ವರ್ಷ ತುಂಬುವುದರೊಳಗೆ ಎಲ್ಲ ಖಾಲಿ!

ಮರುವರ್ಷವೇ, 1975ರಲ್ಲಿ, ‘ಗ್ರೇಹಾಕ್’ ಮತ್ತು ‘ಬ್ಲ್ಯಾಕ್‌ಮೂರ್’ ಎಂಬ ಎರಡು ಪೂರಕ ಪುಸ್ತಿಕೆ ಬಂದವು. ಇವತ್ತು ಈ ಆಟದಲ್ಲಿ ಎಲ್ಲರಿಗೂ ಪ್ರಿಯನಾದ ‘ಕಳ್ಳ’ ಮೂಲ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಅವನು ನಿಯಮದ ಪುಸ್ತಕದೊಳಗೆ ಕಾಲಿಟ್ಟಿದ್ದೇ ‘ಗ್ರೇಹಾಕ್’ ಮೂಲಕ. ಅಂದರೆ ಪೂರಕ ಅಂತ ಬಂದದ್ದು ಮುಖ್ಯ ಆಟವನ್ನೇ ಬದಲಾಯಿಸಿತು.

1976ರಲ್ಲಿ ಇನ್ನೊಂದು ಬೆಳವಣಿಗೆ. ಇಲಿನಾಯ್ ರಾಜ್ಯದ ಡಿಕೇಟರ್ ಊರಿನ ಬಾಬ್ ಬ್ಲೆಡ್‌ಸಾ, ಬಿಲ್ ಓವನ್ ಎಂಬಿಬ್ಬರು ‘ಜಡ್ಜಸ್ ಗಿಲ್ಡ್’ ಅಂತ ಹೆಸರಿಟ್ಟುಕೊಂಡು ಇಡೀ ಒಂದು ಕಾಲ್ಪನಿಕ ಪಟ್ಟಣದ ನಕ್ಷೆ ಮಾಡಿ ಮಾರಿದರು. ಯಾವ ಬೀದಿಯಲ್ಲಿ ಯಾವ ಅಂಗಡಿ, ಅಂಗಡಿಯವನ ಸ್ವಭಾವ ಏನು, ಎಲ್ಲಾ ಅದರಲ್ಲಿ. ಮೂಲ ಕಂಪನಿಯಾದ ಟಿ.ಎಸ್.ಆರ್.ನವರು “ಇದನ್ಯಾರು ದುಡ್ಡು ಕೊಟ್ಟು ತಗೋತಾರೆ” ಎಂಬ ಭಾವನೆಯಲ್ಲಿ ಒಪ್ಪಿಗೆ ಕೊಟ್ಟರು ಎಂಬ ಮಾತಿದೆ. ಜನ ತಗೊಂಡರು! ಬೇರೆಯವರ ಆಟಕ್ಕೆ ಪೂರಕ ಬರೆದು ಹೊಟ್ಟೆ ಹೊರೆಯುವ ಒಂದು ಕಸುಬು ಹೀಗೆ ಶುರುವಾಯಿತು.

ದೇವೇಂದ್ರನಿಗೂ ಅಂಕಿ!

ಅದೇ 1976ರಲ್ಲಿ ಟಿ.ಎಸ್.ಆರ್. ಇನ್ನೊಂದು ಪುಸ್ತಿಕೆ ತಂತು. ಗ್ರೀಕರ ದೇವರು, ಈಜಿಪ್ಟಿನ ದೇವರು, ಜತೆಗೆ ನಮ್ಮ ಭಾರತದ ದೇವಾನುದೇವತೆಗಳು. ಇಂದ್ರನಿಗೂ ಅಂಕಿ! ಎಷ್ಟು ಪೆಟ್ಟು ತಡೆಯುತ್ತಾನೆ, ಕವಚ ಎಷ್ಟು ಗಟ್ಟಿ, ಎಲ್ಲ ಪಟ್ಟಿಯಲ್ಲಿ. 1980ರ ದೊಡ್ಡ ಆವೃತ್ತಿಯಲ್ಲೂ ಭಾರತದ ಅಧ್ಯಾಯ ಇತ್ತು.

ಓದುಗರಿಗೆ ಸಿಟ್ಟೂ ಬರಬಹುದು, ನಗುವೂ ಬರಬಹುದು. ಆದರೆ ಸಿಟ್ಟಿಗಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ. ವಿಸ್ಕಾನ್ಸಿನ್‌ನವರು ಪುಸ್ತಕದಲ್ಲಿ ಓದಿ ಇಂದ್ರನ ಬಗ್ಗೆ ಬರೆದರು. ಅಣ್ಣಮ್ಮನ ಕತೆ, ಮಾರಮ್ಮನ ಕತೆ, ಹುಣಸೆ ಮರದ ದೆವ್ವದ ಕತೆ ಅಜ್ಜಿ ಬಾಯಲ್ಲೇ ಕೇಳಿ ಬೆಳೆದವರು ಯಾಕೆ ಬರೆಯಬಾರದು?

ಅಂದ ಹಾಗೆ, ಆ 1980ರ ಪುಸ್ತಕಕ್ಕೆ ಒಂದು ಪಾಠವೂ ಅಂಟಿಕೊಂಡಿದೆ. ಮೊದಲ ಮುದ್ರಣಗಳಲ್ಲಿ 144 ಪುಟ ಇತ್ತು. ಆಧುನಿಕ ಲೇಖಕರ ಕತೆಗಳಿಂದ ತೆಗೆದುಕೊಂಡ ಎರಡು ಅಧ್ಯಾಯಗಳ ಹಕ್ಕು ಇನ್ನೊಂದು ಕಂಪನಿಯ ಕೈಯಲ್ಲಿತ್ತು. ಆಮೇಲಿನ ಮುದ್ರಣಗಳಲ್ಲಿ ಅವು ಮಾಯ. ಪುಸ್ತಕ 128 ಪುಟಕ್ಕಿಳಿಯಿತು. ಪುರಾಣದ ದೇವರಿಗೆ ಕೃತಿಸ್ವಾಮ್ಯ ಇಲ್ಲ. ಮೊನ್ನೆ ಮೊನ್ನೆ ಬರೆದವನ ದೇವರಿಗೆ ಇದೆ!

ತಿದ್ದೋದು ಹೇಗೆ?

ಬರೆಯುವುದು ಅರ್ಧ ಕೆಲಸ. ತಿದ್ದುವುದು ಉಳಿದರ್ಧ. ಇದನ್ನು ಅರ್ಥಮಾಡಿಕೊಳ್ಳಲು ಅಮೆರಿಕಕ್ಕೆ ಹೋಗಬೇಕಿಲ್ಲ. ಜಗಲಿ ಮೇಲಿನ ಚೌಕಾಬಾರ ಸಾಕು.

ನಾಲ್ಕು ಕವಡೆ ಎಸೆಯಿರಿ. ಕವಡೆ ಇಲ್ಲವಾದರೆ ಒಂದು ಕಡೆ ಉಜ್ಜಿದ ಹುಣಸೆ ಬೀಜ. ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತಿಟ್ಟುಕೊಂಡರೆ ಹದಿನಾರು ಬಗೆಯಲ್ಲಿ ಬೀಳಬಹುದು. ಅದರಲ್ಲಿ ‘ಎರಡು’ ಆರು ಸಲ. ‘ಒಂದು’ ನಾಲ್ಕು ಸಲ, ‘ಮೂರು’ ನಾಲ್ಕು ಸಲ. ನಾಲ್ಕೂ ಅಂಗಾತ ಬಿದ್ದು ಚೌಕ ಆಗೋದು ಒಂದೇ ಸಲ. ನಾಲ್ಕೂ ಬೋರಲು ಬಿದ್ದು ಎಂಟು, ಅಂದರೆ ಬಾರ ಆಗೋದು ಒಂದೇ ಸಲ.

ಈಗ ನಮ್ಮ ಹುಡುಗ ತನ್ನ ಪುಸ್ತಿಕೆಯಲ್ಲಿ “ಚೌಕ ಬಿದ್ದರೆ ಮಾತ್ರ ಕೋಟೆ ಬಾಗಿಲು ತೆರೆಯುತ್ತದೆ” ಅಂತ ಬರೆದ ಅನ್ನಿ. ಓದಕ್ಕೆ ಚೆಂದ. ಆಡಕ್ಕೆ ಕೂತರೆ ಹದಿನಾರಕ್ಕೆ ಒಂದು ಸಲ ಸಿಗೋ ಅದೃಷ್ಟಕ್ಕೆ ಐದು ಜನ ಬಾಗಿಲ ಮುಂದೆ ಆಕಳಿಸುತ್ತ ಕೂರಬೇಕು. ಚೌಕ ಆಗಲಿ ಬಾರ ಆಗಲಿ ಎರಡೂ ನಡೆಯುತ್ತೆ ಅಂದರೆ ಎಂಟಕ್ಕೆ ಒಂದಾಯಿತು. ಅದೂ ಕಷ್ಟ. ಕಿಟಕಿ ಮುರಿಯಲು ‘ಎರಡು’ ಸಾಕು, ಆದರೆ ಸದ್ದಿಗೆ ಕಾವಲುಗಾರ ಏಳುತ್ತಾನೆ ಅಂದರೆ? ಈಗ ಆಟ ಹುಟ್ಟಿತು! ಆಡುವವರು ತಮ್ಮಲ್ಲೇ ಚರ್ಚೆಗೆ ಬೀಳುತ್ತಾರೆ. ತಿದ್ದುವುದು ಅಂದರೆ ಇದೇ.

ಕಸುಬು ಬಲ್ಲವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಪುಸ್ತಿಕೆಯನ್ನು ಗುರುತಿಲ್ಲದ ಗುಂಪಿನ ಕೈಗೆ ಕೊಟ್ಟು ಬರೆದವನು ಬಾಯಿಮುಚ್ಚಿಕೊಂಡು ಇರಬೇಕು. “ಅದು ಹಾಗಲ್ಲಪ್ಪಾ, ನಾನು ಬರೆದಿದ್ದರ ಅರ್ಥ ಹೀಗೆ” ಅಂತ ವಿವರಿಸುವಂತಿಲ್ಲ. ಹಾಳೆಯ ಮೇಲಿಲ್ಲದ್ದು ಪುಸ್ತಕದಲ್ಲಿಲ್ಲ, ಅಷ್ಟೆ. ಎಲ್ಲಿ ಗುಂಪು ತಡವರಿಸಿತೋ ಅಲ್ಲಿ ಕೆಂಪು ಗುರುತು.

ಚೌಕಾಬಾರದಲ್ಲಿ ಈ ಗೊಂದಲ ಇವತ್ತಿಗೂ ಇದೆ. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಅಂತ ಒಂದು ಮನೆಯ ನಿಯಮ. ಪಕ್ಕದ ಮನೆಯಲ್ಲಿ ಅದು ಇಲ್ಲ. ಮದುವೆ ಮನೆಯಲ್ಲಿ ಎರಡು ಊರಿನ ನೆಂಟರು ಆಡಕ್ಕೆ ಕೂತರೆ ಮೊದಲ ಅರ್ಧ ಗಂಟೆ ಜಗಳಕ್ಕೇ ಸರಿ. ಬರೆದಿಟ್ಟಿದ್ದರೆ ಈ ರಗಳೆ ಇರುತ್ತಿತ್ತೇ?

ಯಜಮಾನ ಕರಾರು ಬದಲಾಯಿಸಿದರೆ?

ಅಂಗಡಿ ಇಟ್ಟವರಿಗೆ ಈಗ ಹೇಳುವ ವಿಷಯ ತಟ್ಟನೆ ಅರ್ಥವಾದೀತು.

ಟಿ.ಎಸ್.ಆರ್. 1997ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಕಂಪನಿಯ ಪಾಲಾಯಿತು. 1999ರಲ್ಲಿ ಆ ಕಂಪನಿಯನ್ನೇ ಆಟಿಕೆ ದೈತ್ಯ ‘ಹ್ಯಾಸ್ಬ್ರೋ’ ಕೊಂಡಿತು. 2000ದಲ್ಲಿ ಇವರು ‘ಓಪನ್ ಗೇಮ್ ಲೈಸೆನ್ಸ್’ ಎಂಬ ಮುಕ್ತ ಪರವಾನಗಿ ಕೊಟ್ಟರು. ನಮ್ಮ ನಿಯಮ ಬಳಸಿ ನೀವೂ ಪೂರಕ ಪುಸ್ತಕ ಬರೆಯಿರಿ, ಮಾರಿ, ನಮಗೆ ಪಾಲು ಬೇಡ ಎಂಬುದು ಅದರ ಸಾರ. ನಂಬಿಕೊಂಡು ಸಾವಿರಾರು ಜನ ಬರೆದರು. ಕೆಲವರು ಕಂಪನಿ ಕಟ್ಟಿದರು, ಸಂಬಳ ಕೊಟ್ಟರು. ಬೇರೆಯವರ ಸೈಟಿನಲ್ಲಿ ಬಾಡಿಗೆ ಇಲ್ಲದೆ ಅಂಗಡಿ ಕಟ್ಟಿಕೊಂಡ ಹಾಗೆ. ಇಪ್ಪತ್ತೆರಡು ವರ್ಷ ಸುಖವಾಗಿ ನಡೆಯಿತು.

2023ರ ಜನವರಿ ಮೊದಲ ವಾರ ಹೊಸ ಕರಾರಿನ ಕರಡು ಸೋರಿಕೆಯಾಯಿತು. ಹಳೆಯ ಪರವಾನಗಿ ಇನ್ನು ಮಾನ್ಯವಲ್ಲ. ವರ್ಷಕ್ಕೆ ಏಳೂವರೆ ಲಕ್ಷ ಡಾಲರ್, ಅಂದರೆ ಆರು ಕೋಟಿ ರೂಪಾಯಿಗೂ ಮೇಲೆ ವಹಿವಾಟು ಮಾಡುವವರು ಹೆಚ್ಚುವರಿ ವಹಿವಾಟಿನ ಮೇಲೆ ಶೇಕಡಾ 25ರವರೆಗೆ ಕಪ್ಪ ಕೊಡಬೇಕು. ಗಮನಿಸಿ, ಲಾಭದ ಮೇಲಲ್ಲ, ವಹಿವಾಟಿನ ಮೇಲೆ! ಸಣ್ಣವರು ಬರೆದದ್ದನ್ನೂ ಕಂಪನಿ ಬಳಸಿಕೊಳ್ಳಬಹುದು ಎಂಬ ಷರತ್ತು ಬೇರೆ.

ಇಪ್ಪತ್ತು ವರ್ಷ ಅಂಗಡಿ ನಡೆಸಿದವನಿಗೆ ಕಟ್ಟಡದ ಯಜಮಾನ ಬಂದು “ಹಳೇ ಅಗ್ರಿಮೆಂಟ್ ಮರೆತುಬಿಡು, ಗಲ್ಲಾಪೆಟ್ಟಿಗೆಯಲ್ಲಿ ಕಾಲು ಭಾಗ ನನ್ನದು” ಅಂದರೆ ಹೇಗಿರುತ್ತೆ? ಅದೇ ಆಯಿತು. ಆಟಗಾರರು ಕಂಪನಿಯ ಮಾಸಿಕ ಚಂದಾ ರದ್ದು ಮಾಡಿದರು. ಕಂಪನಿ ಅಭಿಪ್ರಾಯ ಕೇಳಿದಾಗ 15,000ಕ್ಕೂ ಹೆಚ್ಚು ಉತ್ತರ ಬಂದವು. ತಿದ್ದಿದ ಕರಾರಿನಡಿಯೂ ಪುಸ್ತಕ ತರಲು ಇಷ್ಟವಿಲ್ಲ ಎಂದವರು ಶೇಕಡಾ 88.

ಜನವರಿ 27ಕ್ಕೆ ಕಂಪನಿ ಕೈಚೆಲ್ಲಿತು. ಹಳೆಯ ಪರವಾನಗಿ ಉಳಿಯಿತು. ಅಷ್ಟೇ ಅಲ್ಲ, ಸುಮಾರು 400 ಪುಟದ ಮೂಲ ನಿಯಮಾವಳಿಯನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಟ್ಟರು. ಮೂಲ ಯಾರದು ಅಂತ ಹೆಸರು ಹಾಕಿದರೆ ಸಾಕು, ಯಾರೂ ಬಳಸಬಹುದು. ವಾಪಸ್ ತಗೊಳ್ಳೋ ಹಾಗಿಲ್ಲ. ದೊಡ್ಡ ಕಂಪನಿಯ ಎದುರು ಸಣ್ಣ ಸಣ್ಣ ಪುಸ್ತಿಕೆಯವರು ಗೆದ್ದ ಅಪರೂಪದ ಪ್ರಸಂಗ ಇದು.

ಮೈಸೂರು ಅರಸರ ಪೂರಕ

ಇದೆಲ್ಲ ಪರದೇಶದ ಹುಚ್ಚು ಎನ್ನುವವರು ಸ್ವಲ್ಪ ನಿಲ್ಲಬೇಕು. ಆಟಕ್ಕೆ ಪೂರಕ ಕಟ್ಟುವ ಕೆಲಸವನ್ನು ನೂರೈವತ್ತು ವರ್ಷಕ್ಕೂ ಹಿಂದೆ ಮೈಸೂರಿನಲ್ಲಿ ಒಬ್ಬರು ಮಾಡಿದ್ದರು. ಬೇರೆ ಯಾರೂ ಅಲ್ಲ, ಮುಮ್ಮಡಿ ಕೃಷ್ಣರಾಜ ಒಡೆಯರು.

1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಅರಸರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತ ಕಿತ್ತುಕೊಂಡರು. ರಾಜ್ಯವಿಲ್ಲದ ರಾಜ ಸಾಹಿತ್ಯ, ಚಿತ್ರಕಲೆ, ಆಟಗಳ ಕಡೆ ತಿರುಗಿದರು. ಅವರ ಕಾಲದ ‘ಶ್ರೀತತ್ತ್ವನಿಧಿ’ ಎಂಬ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ ಇಡಿಯಾಗಿ ಆಟಗಳಿಗೇ ಮೀಸಲು. ಚದುರಂಗದ ಕುದುರೆ ನಡೆಯ ಬಂಧಗಳು, ಪಗಡೆಯ ಹೊಸ ಬಗೆಗಳು, ಇಸ್ಪೀಟಿನಂಥ ಛದಗಳು.

ಮೊಗಲರ ಗಂಜೀಫದಲ್ಲಿ 96 ಎಲೆ, ದಶಾವತಾರ ಗಂಜೀಫದಲ್ಲಿ 120. ಮುಮ್ಮಡಿಯವರು ಬೆಳೆಸುತ್ತ ಬೆಳೆಸುತ್ತ 360 ಎಲೆಯವರೆಗೂ ಒಯ್ದರು! ದೇವರು, ಗ್ರಹ, ಚಿಹ್ನೆ ಎಲ್ಲಾ ಎಲೆಗಳ ಮೇಲೆ. ಇದು ಪೂರಕ ಅಲ್ಲದೆ ಮತ್ತೇನು?

ಆದರೆ ಗತಿ ನೋಡಿ. ಅಮೆರಿಕದ ಹತ್ತು ಡಾಲರಿನ ಪುಸ್ತಿಕೆ ಕೈಯಿಂದ ಕೈಗೆ ಹೋಗಿ ಲೋಕವೆಲ್ಲ ಹಬ್ಬಿತು. ಅರಸರ ಆಟ ಅರಮನೆಯಲ್ಲೇ ಉಳಿಯಿತು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇನೋ ಸಿಕ್ಕಿದೆ. ಗಂಜೀಫ ರಘುಪತಿ ಭಟ್ಟರಂಥ ಕಲಾವಿದರು ಆ ಚಿತ್ರಕಲೆಗೆ ಜೀವ ತುಂಬಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳ ಮೂಲಕ ಹಳೆಯ ಆಟಗಳ ಹಾಸು, ಕಾಯಿಗಳನ್ನು ಮತ್ತೆ ಮನೆಗಳಿಗೆ ಮುಟ್ಟಿಸಿದೆ. ಆದರೂ ಗಂಜೀಫ ಅಂದರೆ ಇವತ್ತು ಗಾಜು ಹಾಕಿಸಿ ಗೋಡೆಗೆ ತೂಗುವ ಚಿತ್ರ. ಆಡುವ ಕೈ ವಿರಳ.

ಬಾಣಸವಾಡಿಯ ಎಂಟು ಹಾಳೆ

ಈಗ ಮತ್ತೆ ಜೆರಾಕ್ಸ್ ಅಂಗಡಿಗೆ ಬನ್ನಿ. ಆ ಹುಡುಗನಿಗೆ ಬೇಕಾದ ಸರಕು ದೂರವೇನಿಲ್ಲ. ರಿಂಗ್ ರೋಡಿನಲ್ಲಿ ಬಸ್ಸು ಹತ್ತಿದರೆ ಸಿಗುವ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ವೀರಗಲ್ಲು ಸಿಕ್ಕಿದೆ. ಊರಿನ ಮೇಲೆ ಬಿದ್ದವರನ್ನು ತಡೆದು ಮಡಿದ ಕಿತ್ತಯ್ಯನ ಕಲ್ಲು. ಬೇಗೂರಿನ ಕಲ್ಲಿನಲ್ಲಿ ‘ಬೆಂಗಳೂರು ಕಾಳಗ’ದ ಮಾತೇ ಇದೆ. ಕಲ್ಕೆರೆಯಲ್ಲಿ ಇನ್ನೂ ಕೆರೆ ಇದೆ. ಹೆಣ್ಣೂರು, ಬಾಣಸವಾಡಿಯ ಹೊಲಗಳ ಮೇಲೆ ಎದ್ದ ಎಚ್.ಆರ್.ಬಿ.ಆರ್. ಬಡಾವಣೆಯ ಕೆಳಗೆ ಎಷ್ಟು ಕತೆ ಹೂತಿದೆಯೋ ಬಲ್ಲವರಾರು?

ಕಾನೂನೂ ಅಡ್ಡ ಬರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಾಪಾಡುವುದು ಬರೆದ ಮಾತನ್ನು, ಬಿಡಿಸಿದ ಚಿತ್ರವನ್ನು. ಆಟದ ಉಪಾಯವನ್ನಲ್ಲ. ಲೇಖಕ ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದು. ಮುಮ್ಮಡಿಯವರು ತೀರಿಕೊಂಡದ್ದು 1868ರಲ್ಲಿ. ಅವರ ಕೌತುಕವೆಲ್ಲ ಈಗ ಕನ್ನಡಿಗರ ಆಸ್ತಿ. ಆದರೆ ಇನ್ನೊಬ್ಬರ ನಕ್ಷೆ, ಇನ್ನೊಬ್ಬರ ಪಾತ್ರವನ್ನು ಹಾಗೇ ಇಳಿಸಿಕೊಂಡರೆ ಮಾತ್ರ 144 ಪುಟ 128 ಆದ ಕತೆ ನೆನಪಿರಲಿ.

ಅಂಗಡಿಯವರಿಗೊಂದು ಸಲಹೆ. ಇನ್ನೊಮ್ಮೆ ಅಂಥ ಹುಡುಗ ಬಂದು ರಾಕ್ಷಸನ ಪಟ್ಟಿ ಮುಂದಿಟ್ಟರೆ ನಗಬೇಡಿ. ಬಸ್ಸು ಹೇಗೂ ಲೇಟು, ಎರಡು ಪುಟ ಓದಿ. ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಕೊಡಿ. ಜೆರಾಕ್ಸಿಗೆ ಆತ ದುಡ್ಡು ಕೊಡ್ತಾನೆ. ಆ ಗುರುತಿಗೆ ಕೊಡಕ್ಕೆ ಅವನ ಹತ್ರ ದುಡ್ಡಿಲ್ಲ. ಆದರೆ ಅವನಿಗೆ ಬೇಕಾದದ್ದು ಅದೇ!