ಕಂಪ್ಯೂಟರಿಗೆ ಮರುಜೀವ

ಕತ್ರಿಗುಪ್ಪೆಯಂಥ ಬಡಾವಣೆಯ ಮನೆಯೊಂದರಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರು ನಿಂತುಹೋಯಿತೆಂದರೆ ಹೊಸದನ್ನೇ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅದರ ಭಾಗಗಳು ಬಿಡಿಯಾಗಿಯೇ ದೊರೆಯುತ್ತವೆ. 1995ರಲ್ಲಿ ಇಂಟೆಲ್ ಸಂಸ್ಥೆ ಗೊತ್ತುಪಡಿಸಿದ ಎ.ಟಿ.ಎಕ್ಸ್. ಎಂಬ ಅಳತೆಯ ಕಟ್ಟಳೆಯನ್ನು ಅನುಸರಿಸಿದ ಭಾಗಗಳು, ಯಾವ ಕಂಪೆನಿಯವಾದರೂ, ಒಂದೇ ಕ್ಯಾಬಿನೆಟ್ಟಿನಲ್ಲಿ ಹೊಂದಿಕೊಳ್ಳುತ್ತವೆ.

ಈ ಯಂತ್ರಕ್ಕೆ ಅನ್ನವಿಕ್ಕುವುದು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟಿನ ವಿದ್ಯುತ್ತನ್ನು ಅದು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಮದರ್‌ಬೋರ್ಡಿಗೆ ಉಣಿಸುತ್ತದೆ. ಉಳಿತಾಯದ ಆಸೆಯಿಂದ ಕಳಪೆಯದನ್ನು ತಂದರೆ, ಅದು ಕೆಡುವಾಗ ಬೆಲೆಬಾಳುವ ಮದರ್‌ಬೋರ್ಡನ್ನೂ ಸುಟ್ಟುಬಿಡಬಹುದು.

ಜೋಡಣೆಗೆ ಮುನ್ನ ಪ್ಲಗ್ಗನ್ನು ಕಳಚಿ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು; ಮೈಮೇಲೆ ಸಂಚಯವಾದ ಸ್ಥಿರವಿದ್ಯುತ್ತು, ಮನುಷ್ಯನಿಗೆ ತಿಳಿಯದಷ್ಟು ಅಲ್ಪವಾದರೂ, ಚಿಪ್‌ಗಳಿಗೆ ಮಾರಕವಾಗಬಲ್ಲದು. ಮದರ್‌ಬೋರ್ಡು ಲೋಹದ ತಗಡಿಗೆ ತಾಗಬಾರದು. ಬೋರ್ಡಿನಲ್ಲಿ ಸ್ಕ್ರೂ ತೂತುಗಳಿರುವೆಡೆಯಲ್ಲಿ ಮಾತ್ರ, ಅದನ್ನು ಎತ್ತಿ ಹಿಡಿಯುವ ಗಿಡ್ಡ ಹಿತ್ತಾಳೆಯ ಕಂಬಗಳಿರಬೇಕು. ತೂತಿಲ್ಲದೆಡೆ ಒಂದೇ ಒಂದು ಉಳಿದರೂ ಶಾರ್ಟ್ ಸರ್ಕಿಟ್ ಆದೀತು. ಬಳಿಕ 24 ಪಿನ್ನಿನ ದೊಡ್ಡ ಕೇಬಲ್ಲನ್ನೂ, ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನದನ್ನೂ ಸಿಕ್ಕಿಸಬೇಕು. ಎರಡನೆಯದನ್ನು ಮರೆತರೆ ಫ್ಯಾನು ತಿರುಗೀತು, ಪರದೆ ಮಾತ್ರ ಕತ್ತಲೆಯಾಗಿಯೇ ಉಳಿದೀತು.

ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ಕಳಚಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರುವುದುಂಟು. ಅದು ಕೆಟ್ಟರೆ ಇಡಿಯಾಗಿ ಬದಲಾಯಿಸುವುದೇ ಕ್ಷೇಮ.